ಏಪರ್ಟ್ ಸಿಂಡ್ರೋಮ್ ಇರುವ ತಮ್ಮನ ಮೊಡವೆಗೆ ಯಾವ ಕ್ರೀಮ್ ಒಳ್ಳೇದು? ಎಣ್ಣೆ, ಕಡ್ಲೆಬೀಜ ಬಿಡಿಸಬೇಕಾ?

ಕ್ರೀಮ್ ಸಾಕಾಗಲ್ಲ. ಎಣ್ಣೆ ಬಿಡಿಸಬೇಡಿ. ಮಂಡ್ಯದಲ್ಲಿ ನನ್ನ ತಮ್ಮನಿಗೂ ಏಪರ್ಟೇ, ಹುಟ್ಟಿನಿಂದ ಬರೋ ಜೀನ್ ಕಾಯಿಲೆ. ಮುಖ, ಬೆನ್ನು ಅಷ್ಟೇ ಅಲ್ಲ, ಮೊಣಕೈಯಿಂದ ಕೆಳಗೂ ಗಂಟು ಗಂಟು ಮೊಡವೆ. ನೋಡಿದವರೆಲ್ಲ ‘ಉಷ್ಣ’ ಅಂದರು. ಉಷ್ಣ ಅಲ್ಲ ರೀ, ಬೆರಳು ಕೂಡಿಸಿದ, ತಲೆಬುರುಡೆ ಬೇಗ ಬೆಸೆದ ಅದೇ ಎಫ್‌ಜಿಎಫ್‌ಆರ್-2 ಜೀನಿನ ದೋಷ ಇದು. ಅದಕ್ಕೇ ಆಂಟಿಬಯಾಟಿಕ್ ಹೆಚ್ಚಾಗಿ ನಾಟಲ್ಲ, ಕೊನೆಗೆ ಐಸೊಟ್ರೆಟಿನಾಯಿನ್ ಅನ್ನೋ ಮೊಡವೆ ಮಾತ್ರೆಗೇ ಬರಬೇಕಾಗುತ್ತೆ.

ನಮ್ಮ ತಪ್ಪು ಅಂದರೆ ಆ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಟ್ಟಿದ್ದು. ಇದು ಕೊಬ್ಬಿನಲ್ಲಿ ಕರಗುವ ಔಷಧಿ. ಜಿಡ್ಡಿನ ಊಟದ ಜೊತೆ ಮೈಗೆ ಸೇರೋದರಲ್ಲಿ ಅರ್ಧವೂ ಖಾಲಿ ಹೊಟ್ಟೆಯಲ್ಲಿ ಸೇರಲ್ಲ. ಲೆಕ್ಕ ಹಾಕಿ: ಇಡೀ ಕೋರ್ಸ್ ಸಾಮಾನ್ಯವಾಗಿ ಕೆಜಿಗೆ 120ರಿಂದ 150 ಮಿಲಿಗ್ರಾಂ. 50 ಕೆಜಿ ಹುಡುಗನಿಗೆ ಕಡೇಪಕ್ಷ 6,000. ದಿನಕ್ಕೆ 30ರಂತೆ 200 ದಿನ. ನಾವು ಸ್ಟ್ರಿಪ್ ಎಣಿಸಿ ಕೋರ್ಸ್ ಮುಗೀತು ಅಂದ್ಕೊಂಡೆವು, ಮೈಗೆ ಸೇರಿದ್ದು ಅರ್ಧವೂ ಇಲ್ಲ. ಮೂರೇ ತಿಂಗಳಿಗೆ ಎಲ್ಲ ವಾಪಸ್. ಎರಡನೇ ಸಲ ರಾತ್ರಿ ಬಿಸಿ ಮುದ್ದೆಗೆ ಎರಡು ಚಮಚ ತುಪ್ಪ ಹಾಕಿ, ಊಟದ ನಡುವೆ ಕೊಟ್ಟೆವು. ನೀವು ಬಿಡಿಸಬೇಕು ಅಂತಿರೋ ಜಿಡ್ಡೇ ಈ ಮಾತ್ರೆಗೆ ಬೇಕು.

ಇದನ್ನು ಮೆಡಿಕಲ್ ಸ್ಟೋರಲ್ಲಿ ಕೇಳಿ ತರಬೇಡಿ. ಮಂಡ್ಯ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಶುರು ಮಾಡೋ ಮೊದಲು ಲಿವರ್, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) ರಕ್ತಪರೀಕ್ಷೆ ಆಗಲೇಬೇಕು, ಆಮೇಲೂ ಅವರು ಹೇಳಿದಾಗ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ನಡೀತಿದ್ದರೆ ಮೊದಲೇ ಹೇಳಿ. ಎರಡೂ ಜೊತೆಯಾದರೆ ತಲೆಯೊಳಗಿನ ಒತ್ತಡ ಏರಬಹುದು, ಏಪರ್ಟ್ ಮಕ್ಕಳಿಗೆ ಆ ಅಪಾಯ ಮೊದಲೇ ಇರುತ್ತೆ. ಬೆಳಗಿನ ತಲೆನೋವು, ವಾಂತಿ, ಕಣ್ಣು ಮಂಜಾದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ. ವಿಟಮಿನ್ ಎ ಮಾತ್ರೆ ಬೇಡ. ಹೆಣ್ಣುಮಕ್ಕಳಿಗಾದರೆ ಕೋರ್ಸ್ ನಡೆಯುವಾಗ, ಮುಗಿದ ಮೇಲೆ ಒಂದು ತಿಂಗಳು ಗರ್ಭ ನಿಲ್ಲಲೇಬಾರದು, ಮಗುವಿಗೆ ತೀವ್ರ ಅಂಗವೈಕಲ್ಯ ಬರಬಹುದು.

ತುಟಿ ಒಡೆಯುತ್ತೆ, ವ್ಯಾಸಲಿನ್ ಸಾಕು. ಕಣ್ಣು ಮಾತ್ರ ಹುಷಾರು: ಏಪರ್ಟ್‌ನಿಂದ ಮುಂದೆ ಬಂದ ಕಣ್ಣು ನಿದ್ದೆಯಲ್ಲಿ ಪೂರ್ತಿ ಮುಚ್ಚಿರಲ್ಲ, ಮಾತ್ರೆ ಅದನ್ನು ಇನ್ನೂ ಒಣಗಿಸುತ್ತೆ. ಹಗಲು ಕಣ್ಣೀರಿನಂಥ ಡ್ರಾಪ್ಸ್, ರಾತ್ರಿ ಮುಲಾಮು ಬರೆಸಿಕೊಳ್ಳಿ.

ಇನ್ನೊಂದು, ಇದನ್ನು ಯಾರೂ ಹೇಳಲ್ಲ. ಬೆರಳು ಕೂಡಿದ ಕೈಗೆ ಸ್ಟ್ರಿಪ್ ಒತ್ತಿ ತೆಗೆಯೋಕೆ ಆಗಲ್ಲ. ನನ್ನ ತಮ್ಮ ಹಲ್ಲಲ್ಲಿ ಕಚ್ಚಿ ತೆಗೆಯೋನು, ಕ್ಯಾಪ್ಸೂಲ್ ಒಡೆದು ಒಳಗಿನ ಎಣ್ಣೆ ತುಟಿಗೆಲ್ಲ ಅಂಟೋದು. ಆಮೇಲೆ ಊಟಕ್ಕೆ ಕೂತಾಗ ನಾನೇ ಒಂದು ಬಿಡಿಸಿ ತಟ್ಟೆ ಪಕ್ಕ ಇಡುತ್ತಿದ್ದೆ.