ಆ ರೀಲ್ ‘ಸ’ದಲ್ಲಿ ನಿಲ್ಲುವುದಿಲ್ಲ

ನಮಸ್ಕಾರ. ‘ಮಿಸ್ ಮೆಕ್ಲೌಡ್ಸ್ ರೀಲ್’ ಎಂಬ ಚುರುಕಾದ ಕುಣಿತದ ಮಟ್ಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆ, ಮೂರೂ ಕಡೆಯ ಪಿಟೀಲು ಕೇಳಿ ಬರೆದಿದ್ದೀರಿ. ವಿಷಯ ಒಳ್ಳೆಯದು, ಭಾಷೆ ಸರಾಗ. ಆದರೆ ಎರಡು ವಾಕ್ಯಗಳು ನಿನ್ನೆಯಿಂದ ನನ್ನನ್ನು ಕಾಡುತ್ತಿವೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: ‘ನೀಲ್ ಗೌ ರಚಿಸಿದ ಶುದ್ಧ ಮಟ್ಟು ಅಮೆರಿಕ ತಲುಪುವಷ್ಟರಲ್ಲಿ ಕೆಟ್ಟುಹೋಗಿತ್ತು.’

‘ರಚಿಸಿದ’ ಎಂದು ಯಾರು ಹೇಳಿದರು? ಗೌ ಸ್ಕಾಟ್ಲೆಂಡಿನ ಪಿಟೀಲುಗಾರರು. ಅವರ ಹೆಸರಿನ ಐದನೇ ಮಟ್ಟುಗಳ ಸಂಗ್ರಹ ಅಚ್ಚಾದದ್ದು 1809ರಲ್ಲಿ. ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಈ ಮಟ್ಟು ಇರುವ ಪುಟದಲ್ಲೇ ಇದು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ರೀಲ್, ಮೆಕ್ಲೌಡ್ ಎನ್ನುವವರು ತಿಳಿಸಿದ್ದು ಎಂದಿದೆ. ಅಂದರೆ ಅಚ್ಚಿಗೆ ಬರುವ ಮೊದಲೇ ಅದು ಕೈಯಿಂದ ಕೈಗೆ ದಾಟಿತ್ತು. ಇನ್ನು ‘ಶುದ್ಧ’ ಯಾವುದು?

‘ಕೆಟ್ಟುಹೋಗಿತ್ತು’ ಅನ್ನೋ ಮಾತು ನನಗೆ ನಿಜಕ್ಕೂ ನೋವು ತಂದಿತು. ಅಪಲಾಚಿಯನ್ ಪಿಟೀಲಿನವರು ಇದನ್ನು ‘ಹಾಪ್ ಹೈ ಲೇಡೀಸ್’ ಎಂದು ಕರೆಯುತ್ತಾರೆ. ಕಮಾನಿನಿಂದ ಪಕ್ಕದ ತಂತಿಯನ್ನೂ ಸೇರಿಸಿ ಎಳೆಯುತ್ತಾರೆ. ನಮ್ಮ ಶ್ರುತಿಪೆಟ್ಟಿಗೆಯ ಹಾಗೆ ಒಂದು ಸ್ವರ ಜೊತೆಗೇ ಮೊಳಗುತ್ತದೆ. ಐರಿಷ್ ನುಡಿಸುವವರು ಉದ್ದ ಸ್ವರವೊಂದು ಸಿಕ್ಕರೆ ಅದರ ಮೇಲಿನದನ್ನು, ಕೆಳಗಿನದನ್ನು ಸವರಿ ಸುತ್ತಿ ಬರುತ್ತಾರೆ. ಸ್ಕಾಟ್ಲೆಂಡಿನವರು ಅಂಥದ್ದೇ ಜಾಗದಲ್ಲಿ ಕಮಾನನ್ನು ಚುರುಕಾಗಿ ಆಡಿಸಿ ಅದೇ ಸ್ವರವನ್ನು ಮೂರಾಗಿ ಒಡೆಯುತ್ತಾರೆ. ಇದರಲ್ಲಿ ಕೆಟ್ಟದ್ದು ಏನು? ಊರು ಬೇರೆ, ಕೈ ಬೇರೆ, ಅಷ್ಟೇ ಅಲ್ವಾ?

ಎರಡನೆಯದು: ‘ಮಂತ್ರಮುಗ್ಧಗೊಳಿಸುವ ಈ ಮಟ್ಟು ಕೊನೆಗೆ ಮನಸ್ಸಿಗೆ ತೃಪ್ತಿ ಕೊಟ್ಟು ನಿಲ್ಲುತ್ತದೆ.’

ನಿಲ್ಲುವುದಿಲ್ಲ! ಸುಮ್ನೆ ಒಮ್ಮೆ ಗುನುಗಿ ನೋಡಿ. ಮೊದಲ ಸಾಲು ‘ಸ’ದಿಂದ ಹೊರಡುತ್ತದೆ. ಮುಗಿಯುವ ಹೊತ್ತಿಗೆ ‘ರಿ’ಯ ಮೇಲೆ ಜೋತು, ಹಾಗೇ ಕೆಳಗಿಳಿದು, ಮತ್ತೆ ಶುರುವಿಗೇ ಜಾರುತ್ತದೆ. ಕಿವಿ ‘ಸ’ ಬೇಕು ಎಂದು ಕಾಯುತ್ತದೆ. ಅದು ಸಿಗುವುದು ಸಾಲು ಮತ್ತೆ ಮೊದಲಾದಾಗ. ಕುಣಿಯುವವರ ಕಾಲು ನಿಲ್ಲದಿರುವುದು ಇದರಿಂದಲೇ. ಈ ರೀಲಿನ ಜೀವವೇ ಅದು. ಅದನ್ನು ‘ಮಂತ್ರಮುಗ್ಧ’ ಅನ್ನೋ ಪದ ಮುಚ್ಚಿಬಿಟ್ಟಿದೆ. ಆ ಪದ ಬರೆದ ಮೇಲೆ ನೀವು ಕೇಳುವುದನ್ನು ಬಿಟ್ಟಿದ್ದೀರಿ.

ಇದು ನನಗೆ ಗೊತ್ತು, ಯಾಕೆಂದರೆ ನಾನೂ ಹಾಗೆ ಬರೆದವನು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ವಾರಪತ್ರಿಕೆಗೆ ಕಂಸಾಳೆ ಬಗ್ಗೆ ಬರೆದುಕೊಟ್ಟೆ. ‘ರೋಮಾಂಚಕ’ ಎಂದು ಮೂರು ಸಲ ಬರೆದಿದ್ದೆ. ಹಿರಿಯ ಸಂಪಾದಕರು ಓದಿ ಒಂದೇ ಪ್ರಶ್ನೆ ಕೇಳಿದರು: ‘ಗೊಂಡೆ ಇದ್ದದ್ದು ಯಾವ ಕೈಯ ತಾಳಕ್ಕಪ್ಪಾ?’ ಎರಡು ಗಂಟೆ ಎದುರಿಗೇ ಕೂತು ನೋಡಿದ್ದೆ. ಆದರೂ ಹೇಳಲಾಗಲಿಲ್ಲ. ಅವರು ಬೈಯಲಿಲ್ಲ, ಹಾಳೆ ವಾಪಸ್ ಕೊಟ್ಟರು. ಮುಂದಿನ ವಾರ ಬಸ್ಸು ಹತ್ತಿ ಮತ್ತೆ ಹೋದೆ. ಆ ಸಲ ನೋಟ್ ಪುಸ್ತಕ ತೆರೆಯಲೇ ಇಲ್ಲ, ಬರೀ ಕೈಗಳನ್ನು ನೋಡುತ್ತಾ ಕೂತೆ.

ನಿಮ್ಮ ಹಾಳೆಯನ್ನೂ ವಾಪಸ್ ಕಳಿಸುತ್ತಿದ್ದೇನೆ. ಮೂರೂ ಧ್ವನಿಮುದ್ರಣಗಳನ್ನು ಮತ್ತೆ ಕೇಳಿ. ಆ ‘ರಿ’ಯಿಂದ ‘ಸ’ಕ್ಕೆ ಒಬ್ಬೊಬ್ಬರೂ ಹೇಗೆ ದಾಟುತ್ತಾರೆ, ಕಮಾನು ಅಲ್ಲಿ ಏನು ಮಾಡುತ್ತದೆ, ಅಷ್ಟನ್ನೇ ಬರೆಯಿರಿ. ಒಂದೇ ಪುಟವಾದರೂ ಸಾಕು. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.