ಗುದ್ದಿದ ಎಲೆಕ್ಟ್ರಿಕ್ ಕಾರು ಶೆಡ್ಡಿನೊಳಗೆ ಬೇಡ

ಪ್ರಶ್ನೆ: ನಮ್ಮದು ಡೆಂಟಿಂಗ್, ಪೇಂಟಿಂಗ್ ಮಾಡುವ ಸಣ್ಣ ಗ್ಯಾರೇಜ್. ಡಿವೈಡರ್ ಹತ್ತಿದ ಎಲೆಕ್ಟ್ರಿಕ್ ಕಾರೊಂದು ಬಂದಿದೆ. ಮುಂಭಾಗ ನಜ್ಜುಗುಜ್ಜಾಗಿದೆ, ತಳಕ್ಕೂ ಏಟು ಬಿದ್ದಿದೆ. 12 ವೋಲ್ಟ್ ಬ್ಯಾಟರಿಯ ಕನೆಕ್ಷನ್ ತೆಗೆದಿದ್ದೇವೆ. ಇನ್ನು ವೆಲ್ಡಿಂಗ್ ಶುರು ಮಾಡಬಹುದು ಅಲ್ವಾ? ರಾತ್ರಿ ಶೆಡ್ಡಿನಲ್ಲೇ ಬಿಡಬಹುದಾ?
– ಮೆಕ್ಯಾನಿಕ್, ತುಮಕೂರು

ಉತ್ತರ: ಎರಡೂ ಬೇಡ. ಮೊದಲು ಕಾರನ್ನು ಬಯಲಿಗೆ ಹಾಕಿ, ಗೋಡೆ, ಬೇರೆ ಗಾಡಿ ಯಾವುದೂ ಸುತ್ತ 15 ಮೀಟರ್ ಒಳಗೆ ಇರಬಾರದು. ಹಗ್ಗ ಕಟ್ಟಿ ಎಳೆಯಬೇಡಿ. ಚಕ್ರ ತಿರುಗಿದರೆ ಮೋಟಾರೇ ಕರೆಂಟ್ ಹುಟ್ಟಿಸುತ್ತದೆ, ಅದಕ್ಕೇ ಚಕ್ರದ ಕೆಳಗೆ ಟ್ರಾಲಿ ಕೊಟ್ಟು ನೂಕಿ.

12 ವೋಲ್ಟ್ ತೆಗೆದದ್ದು ಒಳ್ಳೆಯದೇ. ಅದರಿಂದ ಕಾರು ಓಡಿಸುವ ದೊಡ್ಡ ಬ್ಯಾಟರಿಯ ಕಾಂಟ್ಯಾಕ್ಟರ್ (ಕರೆಂಟ್ ಹೊರಗೆ ಬಿಡುವ ಕೊಂಡಿ) ಬಿಟ್ಟುಕೊಳ್ಳಬೇಕು, ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ಕರೆಂಟ್ ನಿಲ್ಲಬೇಕು. 'ಬೇಕು' ಅಂದೆ, ಗುದ್ದಿದ ಗಾಡಿಯಲ್ಲಿ ಅದು ನಿಂತಿದೆ ಅಂತ ಸುಮ್ನೆ ನಂಬುವ ಹಾಗಿಲ್ಲ. ಮೋಟಾರಿಗೆ ಕರೆಂಟ್ ಕೊಡುವ ಇನ್ವರ್ಟರ್‌ನ ಕೆಪ್ಯಾಸಿಟರ್ (ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗ) ಖಾಲಿಯಾಗಲೂ ಹಲವು ನಿಮಿಷ ಬೇಕು. 1000 ವೋಲ್ಟಿನ ರಬ್ಬರ್ ಗ್ಲೌಸ್ ಹಾಕಿ ಮೀಟರ್‌ನಲ್ಲಿ ನೋಡಿ ಖಚಿತ ಮಾಡಿಕೊಳ್ಳುವ ತರಬೇತಿ ಇರುವವರಷ್ಟೇ ಆ ಕೇಬಲ್ ಮುಟ್ಟಬೇಕು. ಇಷ್ಟೆಲ್ಲ ಆದರೂ ಪ್ಯಾಕಿನ, ಅಂದರೆ ದೊಡ್ಡ ಬ್ಯಾಟರಿಯ, ಒಳಗಿನ ವೋಲ್ಟೇಜ್ ಎಲ್ಲಿಗೂ ಹೋಗಿರುವುದಿಲ್ಲ, ಹೆಚ್ಚಿನ ಕಾರುಗಳಲ್ಲಿ ಅದು 300ರಿಂದ 400 ವೋಲ್ಟಿನ ಆಸುಪಾಸು. ಅದನ್ನು ಆಫ್ ಮಾಡುವ ಸ್ವಿಚ್ಚೇ ಇಲ್ಲ.

ನನಗೆ ಶಾಕ್‌ಗಿಂತ ಜಾಸ್ತಿ ಭಯ ತಳದ ಏಟಿನದು. ಒಳಗೆ ಒಂದು ಸೆಲ್ ಜಜ್ಜಿಹೋಗಿದ್ದರೆ ಅದು ನಿಧಾನಕ್ಕೆ ಬಿಸಿಯಾಗಿ ಪಕ್ಕದ ಸೆಲ್‌ಗಳನ್ನೂ ಸುಡಬಹುದು, ಅದೂ ಕೆಲವು ಗಂಟೆ ಅಥವಾ ಕೆಲವು ದಿನ ಬಿಟ್ಟು, ನೀವೆಲ್ಲ ಮನೆಗೆ ಹೋದ ಮೇಲೆ. ಪಟಪಟ ಸದ್ದು, ಬುಸ್ ಅನ್ನುವ ಶಬ್ದ, ವಿಚಿತ್ರ ವಾಸನೆ, ಬಿಳಿ ಹೊಗೆ ಬಂದರೆ ದೂರ ಓಡಿ, 112ಕ್ಕೆ ಫೋನ್ ಮಾಡಿ, ಎಲೆಕ್ಟ್ರಿಕ್ ಕಾರು ಅಂತ ಹೇಳಿ. ಆ ಹೊಗೆ ವಿಷ. ಆರಿದ ಬೆಂಕಿ ಮತ್ತೆ ಹತ್ತುವುದೂ ಉಂಟು.

ಕಂಪನಿಯ ತರಬೇತಿ ಪಡೆದವರು ಪ್ಯಾಕ್ ಪರೀಕ್ಷಿಸಿ ಅಪಾಯವಿಲ್ಲ ಅಂತ ಬರಹದಲ್ಲಿ ಕೊಡಲಿ, ಆಮೇಲೆ ಬಾಡಿ ಕೆಲಸ ನಿಮ್ಮದು. ಗಿರಾಕಿ ಅವಸರ ಮಾಡ್ತಾನೆ, ಮಾಡಲಿ ಬಿಡಿ. ಪೇಂಟ್ ಬೂತ್‌ನಲ್ಲಿ ಎಷ್ಟು ಬಿಸಿ ಕೊಡಬಹುದು ಅಂತಲೂ ಆ ತರಬೇತಿ ಪಡೆದವರನ್ನೇ ಕೇಳಿಕೊಳ್ಳಿ.

ಪ್ರಶ್ನೆ: ಹೈಬ್ರಿಡ್ ಕಾರಿಗೂ ಇದೇ ನಿಯಮವಾ?
– ಓದುಗರು, ಹಾಸನ

ಉತ್ತರ: ಹೌದು. ಬ್ಯಾಟರಿ ಚಿಕ್ಕದು, ಆದರೂ 200 ವೋಲ್ಟ್ ಇರಬಹುದು. ಜೊತೆಗೆ ಪೆಟ್ರೋಲ್ ಬೇರೆ. ಎಂಜಿನ್ ಸದ್ದಿಲ್ಲ ಅಂತ ಗಾಡಿ ಆಫ್ ಆಗಿದೆ ಅಂದುಕೊಳ್ಳಬೇಡಿ. ಡ್ಯಾಶ್‌ಬೋರ್ಡ್‌ನಲ್ಲಿ 'ರೆಡಿ' ದೀಪ ಉರಿಯುತ್ತಿದ್ದರೆ ಯಾವಾಗ ಬೇಕಾದರೂ ಹೊರಡಬಹುದು. ಆಫ್ ಮಾಡಿ, ಕೀ ದೂರ ಇಡಿ.