ಗುರುವಾರದ ಒಂದೇ ಟಿಕೆಟ್‌ನಲ್ಲಿ ನಾಲ್ಕೂ ಆಟ ನೋಡಬಹುದಾ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಾದ ಬಿಗ್ ಈಸ್ಟ್‌ಗೆ ಗುರುವಾರದ ಟಿಕೆಟ್ ಕೊಂಡಿದ್ದೀರಿ, ಆದರೆ ಮಧ್ಯಾಹ್ನದ ಸೇಂಟ್ ಜಾನ್ಸ್ ತಂಡದ ಆಟ ಅದರಲ್ಲಿ ಕಾಣುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಕೈಯಲ್ಲಿರುವುದು ಬಹುಶಃ ಸಂಜೆಯ ಸೆಷನ್ (ಸರದಿ) ಟಿಕೆಟ್. ಅದಕ್ಕೇ ಆ ಆಟ ಅದರಲ್ಲಿಲ್ಲ. ಈ ಟೂರ್ನಿಯಲ್ಲಿ ಗುರುವಾರ ನಾಲ್ಕು ಕ್ವಾರ್ಟರ್‌ಫೈನಲ್ ಇದ್ದರೂ ಒಂದು ಟಿಕೆಟ್‌ಗೆ ಎರಡೇ ಆಟ. ಮಧ್ಯಾಹ್ನದ ಎರಡು ಮುಗಿದ ಮೇಲೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣ ಖಾಲಿ ಮಾಡಿಸಿ, ಸಂಜೆಯವರನ್ನು ಹೊಸದಾಗಿ ಒಳಗೆ ಬಿಡುತ್ತಾರೆ. ನಾನೂ ಒಮ್ಮೆ ಹೀಗೇ ಎಡವಟ್ಟು ಮಾಡಿಕೊಂಡಿದ್ದೆ.

ಮೊದಲು ಆ್ಯಪ್‌ನಲ್ಲಿ ಟಿಕೆಟ್ ತೆರೆದು ಸೆಷನ್ ಮತ್ತು ಸಮಯ ನೋಡಿ. ಸಾಮಾನ್ಯವಾಗಿ 1ನೇ ಸೀಡ್ (ಟೂರ್ನಿಯ ಶ್ರೇಯಾಂಕ) ತಂಡ ಮಧ್ಯಾಹ್ನ 12ಕ್ಕೆ ಆಡುತ್ತದೆ, 2ನೇ ಸೀಡ್ ಸಂಜೆ 7ಕ್ಕೆ. ಸಂಜೆಯದೇ ಅಂತ ಖಾತ್ರಿಯಾದರೆ, ಮಧ್ಯಾಹ್ನದ ಟಿಕೆಟ್ ಮೊದಲು ಕೊಂಡುಬಿಡಿ. ಆಮೇಲೆ ಸಂಜೆಯದನ್ನು ಅದೇ ಆ್ಯಪ್‌ನಲ್ಲಿ ಮಾರಾಟಕ್ಕೆ ಹಾಕಿ. ಉಲ್ಟಾ ಮಾಡಬೇಡಿ, ಸೇಂಟ್ ಜಾನ್ಸ್ ನ್ಯೂಯಾರ್ಕ್‌ನದೇ ತಂಡ ಅಲ್ವಾ, ಆ ಸೀಟುಗಳಿಗೆ ನೂಕುನುಗ್ಗಲು ಜಾಸ್ತಿ. ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರುತ್ತೆ ಅಂತ ಹೇಳಲಾರೆ.

ಎರಡನೇ ಆಟ 2:30ಕ್ಕೆ ಅಂತಿರುತ್ತದೆ, ಮೊದಲನೆಯದು ಓವರ್‌ಟೈಮ್‌ಗೆ ಹೋದರೆ ತಡವಾಗುತ್ತದೆ. ಮಧ್ಯೆ ಊಟಕ್ಕೆ ಅಂತ ಹೊರಗೆ ಹೋಗಬೇಡಿ, ಮತ್ತೆ ಒಳಗೆ ಬಿಡಲ್ಲ. ಶುಕ್ರವಾರದ ಸೆಮಿಫೈನಲ್‌ಗೆ ಬೇರೆಯದೇ ಟಿಕೆಟ್ ಬೇಕು.